ಒಂದು ಚುಕ್ಕಿಯ ಬಿಲ್ಲೆ, ಎರಡು ಚುಕ್ಕಿಯ ಬಿಲ್ಲೆ

ನಮ್ಮ ರೋಣದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ಚೂಡಾ ತಿಂದು ಚಹಾ ಕುಡಿದ ಮೇಲೆ ಒಬ್ಬಳು ಮೆಲ್ಲಗೆ ಕೇಳಿದಳು, "ಮೇಡಂ, ಈ ಕೆಲಸದಾಗ ಎಲ್ಲಾಕಿಂತ ತ್ರಾಸಿಂದು ಯಾವುದ್ರಿ?" ಉತ್ತರಪತ್ರಿಕೆ ತಿದ್ದುವುದು ಎನ್ನುತ್ತೇನೆಂದು ಕಾದಿದ್ದಳೇನೋ. "ಗೊತ್ತಿಲ್ಲದ್ದನ್ನ ಗೊತ್ತಿದ್ದಂಗ ಹೇಳೂದು," ಎಂದೆ. ಇಬ್ಬರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಅವರು ಹೋದ ಮೇಲೆ ಇದನ್ನು ಬರೆಯಲು ಕುಳಿತೆ. ಬಡ್ತಿ, ಸನ್ಮಾನ, ಶಾಲು, ಹಾರದ ಸುದ್ದಿ ಇಲ್ಲಿಲ್ಲ. ಅವು ಎಲ್ಲರಿಗೂ ಒಂದೇ ಬಗೆಯಲ್ಲಿ ಸಿಗುತ್ತವೆ, ಒಂದೇ ಬಗೆಯಲ್ಲಿ ಕಪಾಟು ಸೇರುತ್ತವೆ.

ನನ್ನ ಕಥೆ ಶುರುವಾಗುವುದು ಒಂದು ಕರಿಯ ಬಳೆಯಿಂದ. ಗಜೇಂದ್ರಗಡದ ಗುಜರಿ ಅಂಗಡಿಯೊಂದರಲ್ಲಿ ಕೆಟ್ಟ ಸ್ಪೀಕರುಗಳನ್ನು ಬಿಚ್ಚಿ ಹಿಂಬದಿಯ ಬಳೆಯಾಕಾರದ ಕರಿಯ ಮ್ಯಾಗ್ನೆಟ್ಟನ್ನು ಬೇರೆ ಮಾಡಿ ಇಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಂದ ಒಂದನ್ನು ತಂದೆ. ತರಗತಿಯಲ್ಲಿ ಬ್ಯಾಟರಿ, ಬಲ್ಬು, ಎರಡು ತಂತಿ ಇಟ್ಟು ನಡುವೆ ಕಬ್ಬಿಣದ ಮೊಳೆ ಸೇರಿಸಿದೆ. ಬಲ್ಬು ಹತ್ತಿತು. ಮೊಳೆ ತೆಗೆದು ಆ ಬಳೆಯನ್ನು ಸೇರಿಸಿದೆ. ಹತ್ತಲಿಲ್ಲ.

"ಬ್ಯಾಟರಿ ಖಾಲಿ ಆಗೇತ್ರಿ," ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಮತ್ತೆ ಮೊಳೆ ಇಟ್ಟೆ, ಹತ್ತಿತು. ಬಳೆಯಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ ಎಂಬುದು ಖಾತ್ರಿಯಾಯಿತು. ಆಮೇಲೆ ಬಳೆಯನ್ನು ಮೊಳೆಗಳ ಡಬ್ಬಿಯಲ್ಲಿ ಅದ್ದಿ ಎತ್ತಿದೆ. ಮೊಳೆಗಳೆಲ್ಲ ಗೊಂಚಲಾಗಿ ಅಂಟಿ ಮೇಲೆ ಬಂದವು. ಒಳಗಿನ ಎಲೆಕ್ಟ್ರಾನುಗಳು ಚಿಕ್ಕ ಸೂಜಿಗಲ್ಲುಗಳ ಹಾಗೆ ಒಂದು ಕ್ರಮದಲ್ಲಿ ಮುಖ ಮಾಡಿ ನಿಂತದ್ದರಿಂದ ಈ ಎಳೆತ ಎಂದೆ.

ಆಗ ನರಗುಂದದಿಂದ ಬರುತ್ತಿದ್ದ ಬಸವರಾಜ ಎಂಬ ಹುಡುಗ ಎದ್ದು ನಿಂತ. "ಮೇಡಂ, ಕರೆಂಟ್ ಹರಿಯೂದಿಲ್ಲ ಅಂದ್ರ ಒಳಗಿನ ಎಲೆಕ್ಟ್ರಾನ್ ಎಲ್ಲಾ ತಂತಮ್ಮ ಜಾಗಾದಾಗ ಕೂತಾವು ಅಂತಾತು. ಕೂತಲ್ಲೇ ಕೂತವಕ್ಕ, ಪಕ್ಕದಾವ ಯಾವ ಕಡೆ ಮಾರಿ ಮಾಡ್ಯಾನ ಅಂತ ಹ್ಯಾಂಗ ಗೊತ್ತಾಗ್ತೈತ್ರಿ?"

ಹಲಗೆಯ ಮೇಲೆ 'ವಿನಿಮಯ ಬಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನನ್ನ ಅಧ್ಯಾಪಕರೂ ನಮಗೆ ಹಾಗೆಯೇ ಎಳೆದಿದ್ದರು. ಹುಡುಗರು ಬರೆದುಕೊಂಡರು, ಗಂಟೆ ಬಾರಿಸಿತು. ಆದರೆ ಬಸವರಾಜನ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಹೆಸರಿಟ್ಟರೆ ಉತ್ತರ ಕೊಟ್ಟಂತಾಗುತ್ತದೆಯೇ?

ಓದುತ್ತಾ ಹೋದಂತೆ ವಿಷಯ ಇನ್ನಷ್ಟು ವಿಚಿತ್ರವಾಯಿತು. ಒಂದೊಂದು ಕಬ್ಬಿಣದ ಪರಮಾಣುವೂ ಒಂದು ಚಿಕ್ಕ ಸೂಜಿಗಲ್ಲು ಎಂದುಕೊಳ್ಳಿ. ಅವು ಸೂಜಿಗಲ್ಲುಗಳ ಹಾಗೆಯೇ ಒಂದನ್ನೊಂದು ಎಳೆದು ಸಾಲಾಗಿ ನಿಂತಿವೆ ಎಂದು ನಾನೂ ನಂಬಿದ್ದೆ. ಲೆಕ್ಕ ಹಾಕಿದರೆ ಆ ಎಳೆತ ಎಷ್ಟು ಸಣ್ಣದೆಂದರೆ, ಬರ್ಫಕ್ಕಿಂತ ಎಷ್ಟೋ ತಣ್ಣಗಿನ ಸ್ಥಿತಿಯಲ್ಲಿಯೇ ಸಾಲು ಚದುರಿಹೋಗಬೇಕು. ನನ್ನ ಕರಿಯ ಬಳೆಯೋ ಮೇ ತಿಂಗಳ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಬಿದ್ದಿದ್ದರೂ ಮೊಳೆ ಬಿಡುತ್ತಿರಲಿಲ್ಲ. ಅಂದರೆ ಅವುಗಳನ್ನು ಹಿಡಿದು ನಿಲ್ಲಿಸಿದ್ದು ಬೇರೆ ಯಾವುದೋ, ಬಹಳ ಗಟ್ಟಿಯಾದದ್ದು. ಅದು ಏನೆಂದು ಪುಸ್ತಕದಲ್ಲಿತ್ತು. ಆದರೆ ಪುಸ್ತಕದಲ್ಲಿದ್ದದ್ದು ತಲೆಗೆ ಇಳಿಯಲು ನನಗೆ ಹೆಚ್ಚುಕಡಿಮೆ ಇಡೀ ಸರ್ವಿಸು ಬೇಕಾಯಿತು.

ಇಲ್ಲಿ, ಆಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಹಿರೇಮಠ ಸರ್ ಬಗ್ಗೆ ಹೇಳಬೇಕು. ತಂತಿಯ ಸುರುಳಿ ಸುತ್ತುವುದರಲ್ಲಿ ಅವರ ಕೈ ಯಂತ್ರದಂಥದು. ಸುಟ್ಟ ಮೀಟರನ್ನು ಬಿಚ್ಚಿ ಮಧ್ಯಾಹ್ನದೊಳಗೆ ನಡೆಸಿಬಿಡುತ್ತಿದ್ದರು. ಆದರೆ ಅವರಿಗೊಂದು ರೋಗವಿತ್ತು, ಸರಾಸರಿಯ ರೋಗ. ವಿದ್ಯಾರ್ಥಿ ಎರಡು ಅಳತೆ ತಂದು ತೋರಿಸಿ ಏಕೆ ಬೇರೆ ಬಂತು ಎಂದು ಕೇಳುವುದರೊಳಗೆ "ಸರಾಸರಿ ತಗೋ, ಮುಂದ ಹೋಗು" ಎನ್ನುತ್ತಿದ್ದರು. ಒಮ್ಮೆ ಸಿಬ್ಬಂದಿ ಕೋಣೆಯಲ್ಲಿ ಒಬ್ಬರು ಫ್ಯಾನು ಬೇಕೆಂದರು, ಇನ್ನೊಬ್ಬರು ಬೇಡವೆಂದರು. ಹಿರೇಮಠ ಸರ್ ಎದ್ದು ಹೋಗಿ ರೆಗ್ಯುಲೇಟರನ್ನು ನಡುವಿಗೆ ತಿರುಗಿಸಿ ಬಂದರು. ಒಬ್ಬರು ಬೆವರುತ್ತ, ಇನ್ನೊಬ್ಬರು ಮುದುಡಿಕೊಂಡು ಕುಳಿತರು.

ಹಳೆಯ ದಿನಗಳಲ್ಲಿ ಕಾಂತತ್ವ ಅಳೆಯಲು ನಮ್ಮಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಇತ್ತು. ತಟ್ಟೆಗೆ ದಾರದಿಂದ ಮಾದರಿಯನ್ನು ಕಟ್ಟಿ, ಕೆಳಗೆ ಮ್ಯಾಗ್ನೆಟ್ ಇಟ್ಟು, ಎಷ್ಟು ತೂಕ ಹೆಚ್ಚಾದಂತೆ ತೋರುತ್ತದೆಂದು ನೋಡುತ್ತಿದ್ದೆವು. ಯಾರಾದರೂ ಉಸಿರು ಬಿಟ್ಟರೂ ಮುಳ್ಳು ಅಲುಗುತ್ತಿತ್ತು. ಆಮೇಲೆ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಹಿರೇಮಠ ಸರ್ ಅದಕ್ಕೆ ಕುಂಕುಮ ಹಚ್ಚಿ, ತಟ್ಟೆಯ ಮೇಲೆ ನೇರವಾಗಿ ಮ್ಯಾಗ್ನೆಟ್ ಇಟ್ಟರು. ಅಂಕಿಗಳು ಹುಚ್ಚೆದ್ದು ಓಡಿದವು. ಮಾದರಿ ಇನ್ನೂ ಕಪಾಟಿನಲ್ಲೇ ಇತ್ತು! ಮ್ಯಾಗ್ನೆಟ್ಟು ತಕ್ಕಡಿಯ ಹೊಟ್ಟೆಯೊಳಗಿನ ಕಬ್ಬಿಣವನ್ನೇ ಎಳೆಯುತ್ತಿದೆ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಕೊನೆಗೆ ಸರ್ ಮನೆಯಿಂದ ಒಂದು ಪ್ಲಾಸ್ಟಿಕ್ ತಂಬಿಗೆ ತಂದು ತಟ್ಟೆಯ ಮೇಲೆ ಬೋರಲು ಹಾಕಿ, ಅದರ ನೆತ್ತಿಯ ಮೇಲೆ ಮ್ಯಾಗ್ನೆಟ್ ಇಟ್ಟರು. ಅಂಕಿ ನಿಂತಿತು. ಮೇಲಿನಿಂದ ಮಾದರಿಯನ್ನು ಇಳಿಬಿಟ್ಟರೆ ಮ್ಯಾಗ್ನೆಟ್ಟು ಹಗುರವಾದಂತೆ ತೋರುತ್ತದೆ, ಅದೇ ಎಳೆತ. ಆ ತಂಬಿಗೆ ಈಗಲೂ ಪ್ರಯೋಗಾಲಯದಲ್ಲಿದೆ. ಹೊಸಬರು ದಯವಿಟ್ಟು ಅದರಲ್ಲಿ ನೀರು ಕುಡಿಯಬೇಡಿ.

ನನ್ನ ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಬಂತು. ಯಾವಗಲ್ಲಿನಿಂದ ಬರುತ್ತಿದ್ದ ಶೈಲಾ ನನ್ನ ಪಾಲಿಗೆ ಬಂದಳು. ಮಾತು ಕಡಿಮೆ, ಹಟ ಜಾಸ್ತಿ. ಕರಿಯ ಬಳೆಯ ಜಾತಿಗೆ ಸೇರಿದ ಒಂದು ವಸ್ತುವನ್ನು ನಾವೇ ಮಾಡಿ ನೋಡೋಣ ಎಂದೆ. ಕಬ್ಬಿಣದ ಆಕ್ಸೈಡ್ ಮತ್ತು ಮೆಗ್ನೀಷಿಯಂ ಆಕ್ಸೈಡ್ ಪುಡಿಗಳನ್ನು ಕೂಡಿಸಿ ಅರೆದು, ಒತ್ತಿ ಮಾತ್ರೆಯಂಥ ಬಿಲ್ಲೆ ಮಾಡಿ, ರಸಾಯನಶಾಸ್ತ್ರದವರ ಫರ್ನೇಸಿನಲ್ಲಿ ಕೆಂಪಾಗುವಂತೆ ಸುಡುವುದು. ಶೈಲಾ ಅರೆದದ್ದನ್ನು ನೋಡಿದವರು ಮದುವೆ ಮನೆಗೆ ಖಾರ ಕುಟ್ಟುತ್ತಿದ್ದಾಳೆ ಎಂದುಕೊಳ್ಳಬೇಕು. ಒಂದೇ ಪುಡಿಯಿಂದ ಎರಡು ಬಿಲ್ಲೆ ಮಾಡಿ, ಗುರುತಿಗೆ ಸೂಜಿಯಿಂದ ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು ಚುಕ್ಕಿ ಇಟ್ಟಳು. ಎರಡನ್ನೂ ಒಟ್ಟಿಗೇ ಸುಟ್ಟಳು.

ಅಳೆದಾಗ ಒಂದು ಚುಕ್ಕಿಯ ಬಿಲ್ಲೆಯ ಎಳೆತ ಎರಡು ಚುಕ್ಕಿಯದರ ಹೆಚ್ಚೂಕಡಿಮೆ ಇಮ್ಮಡಿ ಬಂತು. ಮತ್ತೆ ಅಳೆದಳು, ಅದೇ. ಬಿಲ್ಲೆ ತಿರುಗಿಸಿ ಅಳೆದಳು, ಅದೇ. ನಾನು ಅಳೆದೆ, ಅದೇ.

ಹಿರೇಮಠ ಸರ್ ನೋಡಿ, "ಸರಾಸರಿ ತಗೋವಾ," ಎಂದರು.

"ಇಷ್ಟ ಫರಕ್ ಇದ್ರ ಹ್ಯಾಂಗ ತಗೊಳ್ಳೂದ್ರಿ ಸರ್?"

"ಹಂಗಾದ್ರ ಒಂದ್ ಬಿಲ್ಲಿ ಕೆಟ್ಟೈತಿ. ಪುಸ್ತಕದಾಗ ಇದ್ದದ್ದಕ್ಕ ಹತ್ತಿರ ಬಂದಿದ್ದನ್ನ ಇಟ್ಕೋ, ಇನ್ನೊಂದನ್ನ ಒಗದುಬಿಡು."

"ಎರಡೂ ನಾನ ಮಾಡೀನ್ರಿ. ಒಂದ್ ಒಗದ್ರ, ಅದನ್ನ ಮಾಡೇ ಇಲ್ಲ ಅಂದಂಗ ಆಗ್ತೈತಿ."

ಸರ್ ಸಿಟ್ಟಾಗಲಿಲ್ಲ. "ನೋಡವಾ, ಕಾರಣ ಗೊತ್ತಿಲ್ಲದ ಎರಡು ಅಂಕಿ ಇಟ್ಟುಕೊಂಡು ನೀ ಹೊರಗಿನ ಪರೀಕ್ಷಕರ ಮುಂದ ಕುಂತ್ರ ಅವರು ನಿನ್ನ ಹರಿದು ಹಾಕ್ತಾರ. ಹಂಗಿದ್ದ ವರದಿಗೆ ನಾ ಸಹಿ ಮಾಡೂದಿಲ್ಲ," ಎಂದರು. ಸಹಿ ಇಲ್ಲದಿದ್ದರೆ ಮೌಖಿಕ ಪರೀಕ್ಷೆ ಇಲ್ಲ, ಅದಿಲ್ಲದಿದ್ದರೆ ವರ್ಷ ಹೋಯಿತು. ವರದಿ ಒಪ್ಪಿಸುವ ದಿನ ಅದೇ ವಾರ ಇತ್ತು. ಒಂದು ಬಿಲ್ಲೆಯನ್ನು ಕಸದ ಬುಟ್ಟಿಗೆ ಹಾಕಿದ್ದರೆ ಎಲ್ಲವೂ ಸರಳವಾಗುತ್ತಿತ್ತು. ಅವಳು ಎರಡನ್ನೂ ಹತ್ತಿಯಲ್ಲಿ ಸುತ್ತಿಕೊಂಡು ನನ್ನ ಎದುರಿಗೆ ಬಂದು ಕುಳಿತಳು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

ನನಗೆ ಅವಳ ಮೇಲೆ ಕನಿಕರ ಬಂತು ಎಂದರೆ ಅರ್ಧ ನಿಜ. ಉಳಿದರ್ಧ, ನನಗೆ ತಡೆಯಲಾರದ ಕುತೂಹಲ ಹುಟ್ಟಿತ್ತು. ಒಂದೇ ಪುಡಿ, ಒಂದೇ ಕೈ, ಒಂದೇ ಬೆಂಕಿ. ಹಾಗಾದರೆ ಬೇರೆಯಾದದ್ದು ಯಾವುದು?

"ಸುಟ್ಟ ದಿನ ಏನೇನ್ ಮಾಡಿದಿ, ಎಲ್ಲಾ ಹೇಳು. ನಿನಗ ಸಣ್ಣದು ಅನಿಸಿದ್ದೂ ಬಿಡಬ್ಯಾಡ," ಎಂದೆ.

ಅವಳು ಹೇಳುತ್ತ ಹೋದಳು. ಬೆಳಿಗ್ಗೆ ಫರ್ನೇಸಿಗೆ ಇಟ್ಟದ್ದು. ದಿನವೆಲ್ಲ ಕಾದದ್ದು. ಸಂಜೆಗೆ ಕರೆಂಟು ಹೋದದ್ದು.

"ಹೋದ ಮ್ಯಾಗ?"

"ಬೆಂದೈತೋ ಇಲ್ಲೋ ನೋಡೂಣಂತ ಬಾಗಲಾ ತಗದು, ಇಕ್ಕಳದಿಂದ ಒಂದ್ ಚುಕ್ಕಿದು ಹೊರಗ ತಗದ್ನಿರಿ. ಕೆಂಪಗ ನಿಗಿನಿಗಿ ಅಂತಿತ್ತು. ಕಲ್ಲಿನ ಕಟ್ಟಿ ಮ್ಯಾಲ ಇಟ್ಟೆ. ನೋಡಿ ತಿರುಗಿ ಒಳಗ ಇಡಬೇಕಂತ ಇದ್ದೆ. ಅಷ್ಟರಾಗ ಗೆಳತಿ ಬಂದು, ಯಾವಗಲ್ ಬಸ್ ಹೊಂಟೈತಿ ಅಂದ್ಲು. ಅದ ಕಡೀ ಬಸ್ರಿ. ಬಾಗಲಾ ಮುಚ್ಚಿ ಓಡಿಬಿಟ್ಟೆ."

"ಎರಡು ಚುಕ್ಕಿದು?"

"ಒಳಗ ಇತ್ರಿ. ಮುಂಜಾನಿ ಬಂದು ತಗದೆ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಒಂದು ಬಿಲ್ಲೆ ಕೆಂಪಗಿದ್ದಾಗಲೇ ಹೊರಗೆ ಬಂದು ಗಳಿಗೆಯಲ್ಲಿ ತಣ್ಣಗಾಗಿದೆ. ಇನ್ನೊಂದು ಮುಚ್ಚಿದ ಫರ್ನೇಸಿನೊಳಗೆ ರಾತ್ರಿಯಿಡೀ ನಿಧಾನವಾಗಿ ಆರಿದೆ. ಬೇರೆಯಾದದ್ದು ಅದೊಂದೇ. ಆದರೆ ಆರುವ ಬಗೆಗೂ ಕಾಂತತ್ವಕ್ಕೂ ಏನು ಸಂಬಂಧ? ಅಲ್ಲಿಂದ ಬಸವರಾಜನ ಹಳೆಯ ಪ್ರಶ್ನೆಗೆ ನಾವು ಹೋಗಲೇಬೇಕಾಯಿತು.

ಹಲಗೆಯ ಮೇಲೆ ಎಡಕ್ಕೊಂದು ಕಬ್ಬಿಣ, ಬಲಕ್ಕೊಂದು ಕಬ್ಬಿಣ, ನಡುವೆ ಆಮ್ಲಜನಕ ಬರೆದೆ. ಈ ವಸ್ತುವಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ನೇರವಾಗಿ ತಾಗುವುದಿಲ್ಲ, ನಡುವೆ ಆಮ್ಲಜನಕ ಇದ್ದೇ ಇರುತ್ತದೆ.

"ನಿಮ್ಮಪ್ಪ ಎತ್ತು ಮಾರೂದು ನೋಡಿಯಲ್ಲಾ?" ಎಂದು ಕೇಳಿದೆ. ಅವಳ ಅಪ್ಪ ದನದ ಸಂತೆಗೆ ಹೋಗುವ ರೈತ. "ನೋಡೀನ್ರಿ," ಎಂದಳು. ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ದಲಾಲಿ ನಿಲ್ಲುತ್ತಾನೆ, ಟವೆಲ್ಲಿನ ಕೆಳಗೆ ಇವನ ಬೆರಳು ಒತ್ತುತ್ತಾನೆ, ಅವನ ಬೆರಳು ಒತ್ತುತ್ತಾನೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಆದರೆ ಇಬ್ಬರಿಗೂ ಆ ಕಡೆಯವನ ಮನಸ್ಸು ತಿಳಿದಿರುತ್ತದೆ.

"ಆಮ್ಲಜನಕ ಆ ದಲಾಲಿ ಅಂತ ತಿಳಕೋ," ಎಂದೆ. ಅದರ ಬಳಿ ಎಲೆಕ್ಟ್ರಾನುಗಳ ಒಂದು ಜೋಡಿ ಇದೆ, ಒಂದು ಮೇಲ್ಮುಖ, ಒಂದು ಕೆಳಮುಖ. ಎಡಗಡೆಯ ಕಬ್ಬಿಣದ ಐದು ಎಲೆಕ್ಟ್ರಾನುಗಳು ಐದು ಜಾಗದಲ್ಲಿ ಮೇಲ್ಮುಖವಾಗಿ ಕೂತಿವೆ ಎನ್ನಿ. ಒಂದೇ ಜಾಗದಲ್ಲಿ ಒಂದೇ ಮುಖದ ಎರಡು ಎಲೆಕ್ಟ್ರಾನ್ ಇರಲಾರವು. ಆದ್ದರಿಂದ ಆಮ್ಲಜನಕದ ಕೆಳಮುಖದ್ದು ಮಾತ್ರ ಎಡಕ್ಕೆ ಸ್ವಲ್ಪ ವಾಲಬಹುದು. ಉಳಿದದ್ದು ಮೇಲ್ಮುಖದ್ದು. ಅದು ಬಲಕ್ಕೆ ವಾಲಬೇಕಾದರೆ ಬಲಗಡೆಯ ಕಬ್ಬಿಣ ಕೆಳಮುಖವಾಗಿಯೇ ಇರಬೇಕು. ಎರಡೂ ಕಡೆ ವಾಲಲು ಆಸ್ಪದ ಸಿಕ್ಕರೆ ಒಟ್ಟು ಶಕ್ತಿ ಒಂದಿಷ್ಟು ಇಳಿಯುತ್ತದೆ. ನಿಸರ್ಗಕ್ಕೆ ಅಷ್ಟು ಸಾಕು. ಎರಡು ಕಬ್ಬಿಣಗಳೂ ಒಂದಕ್ಕೊಂದು ವಿರುದ್ಧ ಮುಖ ಮಾಡಿ ನಿಂತುಬಿಡುತ್ತವೆ.

ಶೈಲಾ ಹಲಗೆ ನೋಡುತ್ತ ನಿಂತಳು. "ಆದ್ರ ಮೇಡಂ, ಸಂತ್ಯಾಗ ಕಡೀಕ ಎತ್ತು ಇವರ ಕೈಯಿಂದ ಅವರ ಕೈಗೆ ಹೋಗ್ತೈತಿ. ಇಲ್ಲಿ ಏನೂ ಹೋಗೂದಿಲ್ಲಲ್ರಿ? ಹೋದ್ರ ಕರೆಂಟ್ ಹರಿದಂಗ ಆತು."

ಎಷ್ಟೋ ವರ್ಷಗಳಿಂದ ನಾನು ಎಡವುತ್ತಿದ್ದ ಕಲ್ಲನ್ನು ಹುಡುಗಿ ನೇರ ಎತ್ತಿ ತೋರಿಸಿದ್ದಳು. ನನಗೆ ಬಹಳ ಸಂತೋಷವಾಯಿತು. "ಹೌದು, ವ್ಯಾಪಾರ ಮುಗಿಯೂದ ಇಲ್ಲ. ಎತ್ತು ಕಟ್ಟಿದಲ್ಲೇ ಇರ್ತಾವು. ಟವೆಲ್ ಕೆಳಗ ಕೈ ಹಿಡಿಯಾಕ ಬರ್ತೈತಿ ಅನ್ನೂದೊಂದರಿಂದನ ಇಬ್ಬರೂ ಹ್ಯಾಂಗ ನಿಂದ್ರಬೇಕು ಅನ್ನೂದು ಠರಾವ್ ಆಗ್ತೈತಿ," ಎಂದೆ. ಹಾಗೆ ಹೇಳಿದ ಮೇಲೆಯೇ ಅದು ನನಗೂ ಪೂರ್ತಿ ತಿಳಿದದ್ದು. ಕಲಿಸುವ ಕೆಲಸದ ಗುಟ್ಟು ಇಷ್ಟೇ, ಮುಂದಿರುವವರು ಸರಿಯಾಗಿ ಅಡ್ಡ ಬಂದರೆ ನಾವು ಕಲಿಯುತ್ತೇವೆ.

"ಎಲ್ಲಾ ವಿರುದ್ಧ ನಿಂತ್ರ, ಕಳದು ಸೊನ್ನಿ ಆಗಬೇಕಲ್ರಿ? ಮ್ಯಾಗ್ನೆಟ್ಟಿಗೆ ಅಂಟೂದು ಹ್ಯಾಂಗ?"

ಅಲ್ಲಿಯೇ ನಮ್ಮ ಬಿಲ್ಲೆಯ ಗುಟ್ಟು ಇತ್ತು. ಈ ವಸ್ತುವಿನಲ್ಲಿ ಪರಮಾಣುಗಳಿಗೆ ಎರಡು ಬಗೆಯ ಮನೆಗಳಿವೆ. ಸಣ್ಣ ಮನೆಯ ಸುತ್ತ ನಾಲ್ಕು ಆಮ್ಲಜನಕ, ದೊಡ್ಡ ಮನೆಯ ಸುತ್ತ ಆರು. ದೊಡ್ಡ ಮನೆಗೂ ದೊಡ್ಡ ಮನೆಗೂ ನಡುವೆ ಆಮ್ಲಜನಕ ಮೂಲೆಗೆ ತಿರುಗಿ ನಿಂತಿರುವುದರಿಂದ ಅಲ್ಲಿ ಮಧ್ಯಸ್ಥಿಕೆ ಅಷ್ಟಕ್ಕಷ್ಟೆ. ಸಣ್ಣ ಮನೆಗೂ ದೊಡ್ಡ ಮನೆಗೂ ನಡುವಿನ ದಾರಿ ಹೆಚ್ಚು ನೇರ, ಅಲ್ಲಿಯ ಹಿಡಿತವೇ ಗೆಲ್ಲುತ್ತದೆ. ಹೀಗಾಗಿ ಸಣ್ಣ ಮನೆಯ ಕಬ್ಬಿಣಗಳೆಲ್ಲ ಒಂದು ಕಡೆ, ದೊಡ್ಡ ಮನೆಯವೆಲ್ಲ ಎದುರು ಕಡೆ. ಹೊರಗೆ ನಮಗೆ ಸಿಗುವುದು ಈ ಎರಡರ ವ್ಯತ್ಯಾಸ ಮಾತ್ರ, ಅದೂ ದೊಡ್ಡ ಮನೆಯ ಕಡೆಗೇ ತುಸು ಹೆಚ್ಚು.

ಮೆಗ್ನೀಷಿಯಂ ಯಾವ ಪಕ್ಷಕ್ಕೂ ಸೇರಿದ್ದಲ್ಲ, ಅದಕ್ಕೆ ಕಾಂತತ್ವವೇ ಇಲ್ಲ. ಅದಕ್ಕೆ ದೊಡ್ಡ ಮನೆ ಇಷ್ಟ. ಆದರೆ ಚೆನ್ನಾಗಿ ಕಾದಾಗ ಎಲ್ಲರೂ ಮನೆ ಬದಲಿಸುತ್ತಾರೆ, ಒಂದಿಷ್ಟು ಮೆಗ್ನೀಷಿಯಂ ಸಣ್ಣ ಮನೆಗೆ ಬಂದು ಅಲ್ಲಿದ್ದ ಕಬ್ಬಿಣ ದೊಡ್ಡ ಮನೆಗೆ ಹೋಗುತ್ತದೆ. ನಿಧಾನವಾಗಿ ಆರಿದರೆ ತಿರುಗಿ ಬರಲು ಸಮಯ ಸಿಗುತ್ತದೆ. ಥಟ್ಟನೆ ಹೊರಗೆ ತೆಗೆದರೆ ಇದ್ದಲ್ಲೇ ಸಿಕ್ಕಿಬೀಳುತ್ತವೆ. ಆಗ ಸಣ್ಣ ಮನೆಯ ಪಕ್ಷ ಸೊರಗುತ್ತದೆ, ದೊಡ್ಡ ಮನೆಯದು ಬಲಿಯುತ್ತದೆ, ವ್ಯತ್ಯಾಸ ಹಿಗ್ಗುತ್ತದೆ.

"ಅಂದ್ರ ಬಸ್ಸಿಗೆ ಓಡಿದ್ದಕ್ಕ ಅದು ಗಟ್ಟಿ ಆಗೇತ್ರಿ?" ಎಂದಳು ಶೈಲಾ.

"ನಾವು ಹಂಗ ಅಂದ್ಕೊಂಡೀವಿ. ಖರೇನೋ ಸುಳ್ಳೋ ಬಿಲ್ಲೀನ ಹೇಳಬೇಕು."

ಇಬ್ಬರೂ ಹಿರೇಮಠ ಸರ್ ಬಳಿಗೆ ಹೋದೆವು. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. "ಕಥಿ ಚಲೋ ಐತಿ. ಕಥಿಗೆ ಸಹಿ ಮಾಡಾಕ ಬರೂದಿಲ್ಲ," ಎಂದರು.

ಆಗ ಶೈಲಾ ಹೇಳಿದಳು, "ಸರ್, ಎರಡನ್ನೂ ಮತ್ತ ಸುಡ್ತೀನ್ರಿ. ಈ ಸಲ ಎರಡು ಚುಕ್ಕಿದನ್ನ ಕೆಂಪಗಿದ್ದಾಗ ಹೊರಗ ತಗೀತೀನಿ, ಒಂದು ಚುಕ್ಕಿದನ್ನ ಒಳಗ ಆರಾಕ ಬಿಡ್ತೀನಿ. ಕಥಿ ಖರೇ ಇದ್ರ ಗಟ್ಟಿದು ಸಡ್ಲ ಆಗಬೇಕು, ಸಡ್ಲಿದ್ದದ್ದು ಗಟ್ಟಿ ಆಗಬೇಕು. ಆಗಲಿಲ್ಲ ಅಂದ್ರ ನೀವು ಹೇಳಿದ್ದನ್ನ ನಾನ ಒಗೀತೀನಿ."

ನಾನು ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಮತ್ತೆ ಸುಟ್ಟರೆ ಬಿಲ್ಲೆ ಒಡೆಯಬಹುದು. ನಡುವೆ ಕರೆಂಟು ಕೈಕೊಡಬಹುದು. ಇನ್ನೊಂದು ಸಲ ಮಾಡಲು ದಿನಗಳೂ ಇರಲಿಲ್ಲ. ನಮ್ಮ ಊಹೆ ತಪ್ಪಾಗಿದ್ದರೆ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಆತು, ಮಾಡು. ನಾನೂ ಇರ್ತೀನಿ," ಎಂದರು ಸರ್.

ಮರುದಿನ ಕರೆಂಟು ನಮ್ಮ ಮೇಲೆ ದಯೆ ತೋರಿತು. ಸಂಜೆ ಶೈಲಾ ಇಕ್ಕಳ ಹಿಡಿದು ಎರಡು ಚುಕ್ಕಿಯದನ್ನು ಹೊರಗೆಳೆದಳು. ಕಲ್ಲಿಗೆ ತಾಗಿದ್ದೇ ತಡ, ಚಟ್ ಎಂದಿತು. ಮೂವರೂ ಬಗ್ಗಿದೆವು. ಅಂಚಿನಲ್ಲಿ ಕೂದಲಿನಂಥ ಬಿರುಕು, ಬಿಲ್ಲೆ ಇಡಿಯಾಗಿತ್ತು. ಅದು ಕೈಗೆ ಹಿಡಿಯುವಷ್ಟು ಆರಿದ ಮೇಲೂ ಸರ್ ಅಳೆಯಲು ಬಿಡಲಿಲ್ಲ. "ಎರಡೂ ಕೂಡೇ ಅಳೀಬೇಕು. ನೀ ಬಸ್ಸಿಗೆ ಹೋಗು," ಎಂದು ಕೋಣೆಗೆ ಕೀಲಿ ಹಾಕಿದರು. ಆ ಮುದುಕರಿಗೂ ಆಸೆ ಹುಟ್ಟಿದೆ ಎಂದು ನನಗೆ ಆಗ ಗೊತ್ತಾಯಿತು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಬಂದು ತಂಬಿಗೆ ಬೋರಲು ಹಾಕಿ ಕಾಯುತ್ತಿದ್ದರು. ಶೈಲಾ ಮೊದಲು ಒಂದು ಚುಕ್ಕಿಯದನ್ನು ಇಳಿಬಿಟ್ಟಳು. ಮೊನ್ನೆಯವರೆಗೆ ಗಟ್ಟಿಯಾಗಿ ಎಳೆಯುತ್ತಿದ್ದದ್ದು ಈಗ ಅರ್ಧಕ್ಕೆ ಇಳಿದಿತ್ತು. ಆಮೇಲೆ ಬಿರುಕು ಬಿಟ್ಟ ಎರಡು ಚುಕ್ಕಿಯದನ್ನು ಇಳಿಬಿಟ್ಟಳು. ಅಂಕಿಗಳು ಓಡಿ, ಓಡಿ, ಒಂದು ಚುಕ್ಕಿಯ ಹಳೆಯ ಅಳತೆಯ ಪಕ್ಕಕ್ಕೆ ಬಂದು ನಿಂತವು. ಶೈಲಾ ಅಳತೆಯನ್ನು ಬರೆದುಕೊಳ್ಳುವುದನ್ನೂ ಮರೆತು ನಿಂತಿದ್ದಳು. ಹಿರೇಮಠ ಸರ್ ಎರಡೂ ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ಕೇಳಿದರು.

ಸಹಿ ಮಾಡುವ ಮೊದಲು ವರದಿಯಲ್ಲಿ ಒಂದು ಕಡೆ ತಡೆದರು. 'ವಿದ್ಯುತ್ ನಿಲುಗಡೆಯಾಗಿ, ಯಾವಗಲ್ಲಿನ ಕೊನೆಯ ಬಸ್ಸು ಹೊರಟಿದ್ದರಿಂದ ಮೊದಲ ಬಿಲ್ಲೆ ಹೊರಗೇ ಉಳಿಯಿತು' ಎಂದು ಅವಳು ಬರೆದಿದ್ದಳು. "ಬಸ್ಸಿಂದೂ ಬರೀಬೇಕೇನವಾ?"

"ಅದ ಇರಲಿಲ್ಲಂದ್ರ ಇದೂ ಇರ್ತಿರಲಿಲ್ರಿ ಸರ್."

ಸರ್ ಆ ಸಾಲನ್ನು ಹಾಗೆಯೇ ಬಿಟ್ಟು ಸಹಿ ಮಾಡಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಅವಸರದಲ್ಲಿದ್ದರು. ಪುಟ ತಿರುವಿದರು, ಎರಡು ಅಳತೆಗಳ ಮೇಲೆ ಬೆರಳಿಟ್ಟರು. "ಒಂದ ವಸ್ತುವಿಗೆ ಎರಡು ಬೆಲಿ ಯಾಕ? ಸರಾಸರಿ ತಗೊಂಡಿದ್ರ ಚಂದ ಇರ್ತಿತ್ತಲ್ಲ," ಎಂದರು.

ಶೈಲಾ ಬಾಯಿ ತೆರೆದಳು. ಆದರೆ ಅವಳು ಮಾತಾಡುವ ಮೊದಲೇ ಮೂಲೆಯ ಕುರ್ಚಿಯಿಂದ ಹಿರೇಮಠ ಸರ್ ದನಿ ಬಂತು.

"ಸರಾಸರಿ ತಗೊಂಡ್ರ ಎರಡೂ ಸುಳ್ಳ ಆಗ್ತಾವ್ರಿ. ಆಕೀನ ಕೇಳ್ರಿ, ಹೇಳ್ತಾಳ."

ಪರೀಕ್ಷಕರು ಕೈಗಡಿಯಾರ ನೋಡಿ, ಆಮೇಲೆ ಅವಳನ್ನು ನೋಡಿ, ಹೇಳು ಎಂದರು. ಶೈಲಾ ಎದ್ದು ಹಲಗೆಯ ಮೇಲೆ ಎಡಕ್ಕೊಂದು ಕಬ್ಬಿಣ, ಬಲಕ್ಕೊಂದು ಕಬ್ಬಿಣ, ನಡುವೆ ಆಮ್ಲಜನಕ ಬರೆದಳು. ಯಾವ ಪದದ ಕೆಳಗೂ ಗೆರೆ ಎಳೆಯಲಿಲ್ಲ. ಯಾವಗಲ್ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.